ರಿಂಕಾರ್ಟನ ಕೃತಜ್ಞತಾಸ್ತೋತ್ರ: ಒಂದು ಕಾಲವಿಚಾರ

ಜರ್ಮನಿಯ ಕ್ರೈಸ್ತರು ಶುಭಸಮಯಗಳಲ್ಲಿ ಹಾಡುವ ‘ನುನ್ ದಾಂಕೆಟ್ ಆಲೆ ಗಾಟ್’ ಎಂಬ ಸ್ತೋತ್ರವು ಮಾರ್ಟಿನ್ ರಿಂಕಾರ್ಟನೆಂಬ ಲೂಥರ್ ಪಂಥದ ಪಾದ್ರಿಯ ಕೃತಿ. ಮೂವತ್ತು ವರ್ಷಗಳ ಯುದ್ಧವು (1618–1648) ಮುಗಿದ ಸಂತೋಷದಲ್ಲಿ ಇದು ಹುಟ್ಟಿತೆಂಬ ಐತಿಹ್ಯವುಂಟು. ಕಷ್ಟ ಕಳೆದ ಮೇಲೆ ದೇವರನ್ನು ಹೊಗಳುವುದು ಲೋಕಸಹಜವಾದುದರಿಂದ ಈ ಕಥೆಯು ಜನರಿಗೆ ರುಚಿಸಿತು. ಆದರೆ ಇದು ವಿಚಾರಕ್ಕೆ ನಿಲ್ಲತಕ್ಕುದಲ್ಲ.

ರಿಂಕಾರ್ಟನು 1586ರಲ್ಲಿ ಸಾಕ್ಸನಿಯ ಐಲೆನ್‌ಬುರ್ಗ್ ಪಟ್ಟಣದಲ್ಲಿ ಹುಟ್ಟಿ, ಲೈಪ್‌ತ್ಸಿಗ್ ನಗರದಲ್ಲಿ ವ್ಯಾಸಂಗಮಾಡಿ, 1617ರಿಂದ ಮರಣಪರ್ಯಂತ ಹುಟ್ಟೂರಿನಲ್ಲಿಯೇ ಉಪದೇಶಕನಾಗಿದ್ದನು. ಕೋಟೆಯುಳ್ಳ ಊರೆಂದು ನೆರೆಯ ಜನರೆಲ್ಲ ಅಲ್ಲಿಗೆ ಬಂದು ತುಂಬಿದರು. ಅವರ ಬೆನ್ನಿಗೆ ಹಸಿವೂ ರೋಗವೂ ಬಂದವು. 1637ರ ಮಹಾಮಾರಿಯಲ್ಲಿ ಇತರ ಪಾದ್ರಿಗಳು ಸತ್ತೋ ಊರು ಬಿಟ್ಟೋ ಹೋಗಲು ಉಳಿದವನು ಇವನೊಬ್ಬನೇ. ದಿನಕ್ಕೆ ನಾಲ್ವತ್ತು ಐವತ್ತರಂತೆ ಒಟ್ಟು ಸುಮಾರು 4,480 ಶವಗಳಿಗೆ ಇವನು ಉತ್ತರಕ್ರಿಯೆ ನಡೆಸಿದನೆಂದು ಚರಿತ್ರಕಾರರು ಹೇಳುತ್ತಾರೆ. ಅದೇ ವರ್ಷದ ಮೇ ತಿಂಗಳಲ್ಲಿ ಪತ್ನಿಯೂ ತೀರಿದಳು. ಬಳಿಕ ಕ್ಷಾಮ, ಸತ್ತ ಬೆಕ್ಕಿಗಾಗಿ, ಕಾಗೆಗಾಗಿ ಜನರು ಬೀದಿಯಲ್ಲಿ ಹೊಡೆದಾಡಿದರಂತೆ. 1639ರಲ್ಲಿ ಸ್ವೀಡನ್ನಿನ ಸೈನ್ಯವು 30,000 ಥಾಲರ್ ದಂಡವನ್ನು ಹೇರಿದಾಗ ಪಾಳೆಯಕ್ಕೆ ಹೋಗಿ ಬೇಡಿದವನೂ, ಮನುಷ್ಯರು ಕಿವಿಗೊಡದಿರಲು ಅಲ್ಲಿಯೇ ಮೊಣಕಾಲೂರಿ ಪ್ರಾರ್ಥಿಸಿದವನೂ ಇವನೇ. ದಂಡವು ಬಹಳವಾಗಿ ಇಳಿಯಿತು.

ಇನ್ನು ಕಾಲನಿರ್ಣಯ. ಯೊಹಾನ್ ಕ್ರ್ಯೂಗರನ ಗೀತಸಂಗ್ರಹದ 1647ರ ಮುದ್ರಣದಲ್ಲಿ ಈ ಸ್ತೋತ್ರವು ರಾಗಸಹಿತವಾಗಿ ದೊರೆಯುತ್ತದೆ. ವೆಸ್ಟ್‌ಫಾಲಿಯದ ಸಂಧಿಯಾದರೋ 1648ರದು; ಕಾರ್ಯವು ಕಾರಣಕ್ಕಿಂತ ಮೊದಲು ಹುಟ್ಟಲಾರದು. ಎರಡನೆಯ ಚರಣದಲ್ಲಿ ಕವಿಯು ಶಾಂತಿಯನ್ನು ಬೇಡುವುದರಿಂದ ಆಗ ಶಾಂತಿಯಿರಲಿಲ್ಲವೆಂದು ಸಾಧಿಸಬಹುದೆ? ಅದು ದುರ್ಬಲವಾದ ಹೇತು. ಆ ಬೇಡಿಕೆಯು ಸ್ತೋತ್ರಕ್ಕೆ ಆಕರವಾದ ಸಿರಾಕನ ಗ್ರಂಥದ 50ನೆಯ ಅಧ್ಯಾಯದಲ್ಲಿಯೇ ಇದೆ. ಹೆಚ್ಚು ಗಮನಾರ್ಹವಾದುದು ಶೀರ್ಷಿಕೆ. 1636ರಲ್ಲಿ ಮೊದಲು ಅಚ್ಚಾದ ರಿಂಕಾರ್ಟನ ಪ್ರಾರ್ಥನಾಗ್ರಂಥದ 1663ರ ಮುದ್ರಣದಲ್ಲಿ ಇದಕ್ಕೆ ಊಟದ ಕಿರುಪ್ರಾರ್ಥನೆಯೆಂದು ಹೆಸರು. ಜಯೋತ್ಸವಕ್ಕಾಗಿ ಕಟ್ಟಿದ ಹಾಡಲ್ಲ, ಮನೆಮಂದಿ ಉಂಡು ಏಳುವಾಗ ಹೇಳತಕ್ಕ ವಂದನೆ. 1757ರಲ್ಲಿ ಲಾಯ್ಟನ್ ರಣರಂಗದಲ್ಲಿ ಪ್ರಷ್ಯದ ಸೈನಿಕರು ಗೆದ್ದು ಹಾಡಿದುದರಿಂದ ಈ ಮೂಲವು ಮರೆಯಾಯಿತೆನ್ನಬಹುದು. ಮೊದಲ ಮುದ್ರಣದಲ್ಲಿಯೇ ಇದು ಸೇರಿದ್ದಿತೆಂಬ ವಿದ್ವಾಂಸರ ಮತವು ನಿಜವಾದರೆ ಸ್ತೋತ್ರವು ಮಾರಿಗಿಂತಲೂ ಹಳೆಯದು. ಅನ್ನವಿದ್ದ ದಿನ ರೂಢಿಯಾದ ವಂದನೆಯನ್ನೇ ಅನ್ನವಿಲ್ಲದ ದಿನವೂ ಆ ಮನೆಯವರು ಹೇಳಿರಬೇಕು. ಇಲ್ಲಿ ಕೃತಜ್ಞತೆಯು ಪಡೆದ ವರಕ್ಕೆ ತೆತ್ತ ಬೆಲೆಯಲ್ಲ. ದೇವರ ಒಳ್ಳೆಯತನವು ಊರಿನ ಸ್ಥಿತಿಗತಿಗಳಿಂದ ಅಳೆಯತಕ್ಕುದಲ್ಲವೆಂಬ ನಿಶ್ಚಯವೇ ಅದರ ಆಧಾರ.

ಸಂಧಿಯಾದ ಮರುವರ್ಷ, 1649ರ ಡಿಸೆಂಬರ್ 8ರಂದು, ರಿಂಕಾರ್ಟನು ಐಲೆನ್‌ಬುರ್ಗಿನಲ್ಲಿಯೇ ಮೃತನಾದನು.