ಕೆರೆ ದಡದಲ್ಲಿ ಮನೆ ಕೊಳ್ಳುವ ಮುಂಚೆ

ನಮ್ಮ ಸೀಮೆಯಲ್ಲಿ ಊರಿನ ಹೆಸರುಗಳಲ್ಲಿ ಸಮುದ್ರ ಇದೆ, ನೀರು ಮಾತ್ರ ಕಡಿಮೆ. ಕಲ್ಯಾಣದುರ್ಗದ ಪಕ್ಕ ಬ್ರಹ್ಮಸಮುದ್ರ, ಅನಂತಪುರದ ಪಕ್ಕ ಬುಕ್ಕರಾಯಸಮುದ್ರ. ಅನಂತಪುರ ಅನ್ನೋ ಹೆಸರಿಗೂ ಅನಂತಸಾಗರ ಎಂಬ ಕೆರೆಗೂ ನಂಟಿದೆ. ವರ್ಷಕ್ಕೆ ಸುಮಾರು 550 ಮಿಲಿಮೀಟರ್ ಮಳೆ ಬೀಳುವ ಜಾಗದಲ್ಲಿ ಕಟ್ಟೆ ಹಾಕಿ ನಿಲ್ಲಿಸಿದ ನೀರನ್ನೇ ನಮ್ಮ ಹಿರಿಯರು ಸಮುದ್ರ ಅಂದರು. ಅದು ಬಡಾಯಿ ಅಲ್ಲ. ಆ ನೀರು ಬಿಟ್ಟರೆ ಅವರಿಗೆ ಬೇರೆ ಸಮುದ್ರ ಇರಲಿಲ್ಲ.

ಈಗ ಅಂಥ ಕೆರೆಗಳ ದಡದಲ್ಲಿ ಮನೆ, ನಿವೇಶನ ಹುಡುಕುವವರು ಹೆಚ್ಚಾಗಿದ್ದಾರೆ. ಹಿಂದೂಪುರದಿಂದ ಬೆಂಗಳೂರು ನೂರು ಕಿಲೋಮೀಟರ್ ಆಸುಪಾಸು. ಪೆನುಕೊಂಡದ ಹತ್ತಿರ ಕಾರಿನ ಕಾರ್ಖಾನೆ 2019ರಲ್ಲಿ ಶುರುವಾದ ಮೇಲೆ ನಮ್ಮ ಕಡೆ ನೆಲದ ಮಾತು ಸೆಂಟಿನಿಂದ ಚದರಡಿಗೆ ಇಳಿಯಿತು. ನನ್ನ ತಂಗಿಯ ಮಗನೂ ಹಿಂದೂಪುರ, ಮಡಕಶಿರಾ ನಡುವಿನ ಒಂದು ಪುಟ್ಟ ಊರಿನಲ್ಲಿ ಕೆರೆ ಕಾಣುವ ಹಳೇ ಮನೆಯೊಂದನ್ನು ನೋಡಿಟ್ಟ. ಮೂವತ್ತು ನಲವತ್ತು ಮನೆಗಳ ಊರು. ಅವನ ಹನ್ನೆರಡು ವರ್ಷದ ಉಳಿತಾಯ, ಅವನ ಹೆಂಡತಿಯ ಒಡವೆ, ತಂಗಿಯ ಪಿಂಚಣಿ ದುಡ್ಡು ಎಲ್ಲ ಅದರೊಳಕ್ಕೆ ಹೋಗಬೇಕು. ತೆಲುಗು ದಸ್ತಾವೇಜು ಓದಿ ಕನ್ನಡದಲ್ಲಿ ಹೇಳೋಕೆ ಮನೆಯಲ್ಲಿ ನಾನೊಬ್ಬನೇ ಇದ್ದದ್ದರಿಂದ ಕಾಗದದ ಕಟ್ಟು ನನ್ನ ಕೈಗೆ ಬಂತು. ಅದನ್ನು ಬಿಚ್ಚುವ ಮೊದಲು ನಾನು ಆರುನೂರ ಐವತ್ತು ವರ್ಷ ಹಿಂದಕ್ಕೆ ಹೋದೆ. ಮೇಷ್ಟ್ರ ಚಾಳಿ, ಬಿಡೋಕಾಗಲ್ಲ.

ಕಡಪ ಜಿಲ್ಲೆಯ ಪೋರುಮಾಮಿಳ್ಳದ ಕೆರೆಯ ಹತ್ತಿರ 1369ರ ಒಂದು ಸಂಸ್ಕೃತ ಶಾಸನ ಇದೆ. ಒಂದನೇ ಬುಕ್ಕರಾಯನ ಮಗ ಭಾಸ್ಕರ ಆ ಕೆರೆ ಕಟ್ಟಿಸಿದ. ಎರಡು ವರ್ಷ ಕೆಲಸ ನಡೆಯಿತು, ದಿನಕ್ಕೆ 1000 ಆಳು, ಕಲ್ಲು ಹೊರಲು 100 ಗಾಡಿ. ರಾಜರ ಹೊಗಳಿಕೆ ಎಲ್ಲ ಶಾಸನಗಳಲ್ಲೂ ಇರುತ್ತದೆ. ಇದರಲ್ಲಿ ಜೊತೆಗೆ ಒಳ್ಳೇ ಕೆರೆಗೆ ಬೇಕಾದ 12 ಅಂಗಗಳನ್ನೂ ಕೆರೆಗೆ ಬರಬಾರದ 6 ದೋಷಗಳನ್ನೂ ಬರೆದಿದ್ದಾರೆ. ಧರ್ಮಿಷ್ಠನಾದ, ಹಣ ಇರುವ ರಾಜ ಬೇಕು. ನೀರಿನ ಶಾಸ್ತ್ರ ಬಲ್ಲವನು ಬೇಕು. ಗಟ್ಟಿ ಜೇಡಿಮಣ್ಣಿನ ನೆಲ, ಸಿಹಿನೀರಿನ ಹೊಳೆ, ಗುಡ್ಡಗಳ ನಡುವೆ ಅತಿ ಉದ್ದವಲ್ಲದ ಕಲ್ಲಿನ ಕಟ್ಟೆ, ಅಗಲವೂ ಆಳವೂ ಇರುವ ಅಂಗಳ, ಹತ್ತಿರದಲ್ಲೇ ಕಲ್ಲುಗಣಿ, ಕೆಲಸ ಬಲ್ಲ ಆಳುಗಳು, ಹೀಗೆ ಪಟ್ಟಿ ಸಾಗುತ್ತದೆ.

ನನಗೆ ಬೇಕಾಗಿದ್ದದ್ದು ಆ ಆರು ದೋಷಗಳು. ಅವು ಕೆರೆಗೆ ಹೇಳಿದ್ದು, ಆದರೆ ದಡದ ಮನೆಗೂ ಅಷ್ಟೇ ಸಲ್ಲುತ್ತವೆ. ಏರಿ ಜಿನುಗುವುದು ಮೊದಲನೇ ದೋಷ. ಏರಿಯ ಕೆಳಗೆ ಮನೆ ಕಟ್ಟಿದವರ ಗೋಡೆಗೆ ಆ ನೀರು ಬರುತ್ತೆ, ಸುಣ್ಣ ನಿಲ್ಲಲ್ಲ. ಎರಡನೆಯದು ಚೌಳು ಮಣ್ಣು, ಅದು ಗಾರೆಯನ್ನು ತಿನ್ನುತ್ತೆ. ಅಂಗಳದ ನಡುವೆ ಆಮೆಯ ಬೆನ್ನಿನ ಹಾಗೆ ದಿಬ್ಬ ಇರುವುದು ಇನ್ನೊಂದು. ನೀರು ಇಳಿಯುತ್ತಿದ್ದ ಹಾಗೆ ಮೊದಲು ಬಯಲಾಗುವುದು ಆ ದಿಬ್ಬ, ಆದ್ದರಿಂದ ಒತ್ತುವರಿ ಶುರುವಾಗುವುದೂ ಅಲ್ಲಿಂದಲೇ. ನೀರು ಕಡಿಮೆಯಿದ್ದು ಅಚ್ಚುಕಟ್ಟು ಜಾಸ್ತಿಯಿರುವುದು ಒಂದು, ಜಾಗ ಕಡಿಮೆಯಿದ್ದು ನೀರು ಜಾಸ್ತಿಯಾಗುವುದು ಒಂದು. ಈ ಕೊನೆಯ ದೋಷ ಈಗ ಹೂಳು ತುಂಬಿದ ಎಲ್ಲ ಕೆರೆಗಳಿಗೂ ತಾನಾಗಿಯೇ ಬಂದಿದೆ. ಕಟ್ಟಿದವನ ತಪ್ಪು ಅದರಲ್ಲಿ ಏನೂ ಇಲ್ಲ.

ಒಂದು ದೋಷವನ್ನು ಬೇಕೆಂದೇ ಉಳಿಸಿಕೊಂಡೆ. ಎರಡು ರಾಜ್ಯಗಳ ಗಡಿಯಲ್ಲಿ ಕೆರೆ ಇರಬಾರದು ಅನ್ನುತ್ತದೆ ಶಾಸನ. ನಮ್ಮ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪೆನ್ನೆ ನಂದಿಬೆಟ್ಟದ ಕಡೆ ಹುಟ್ಟಿ, ಗೌರಿಬಿದನೂರು ದಾಟಿ ಹಿಂದೂಪುರಕ್ಕೆ ಬರುತ್ತದೆ, ಮತ್ತೆ ಪಾವಗಡದ ಕಡೆ ಹೋಗಿ ಮತ್ತೆ ಈಚೆಗೆ ಬರುತ್ತದೆ. ಗೌರಿಬಿದನೂರು ತಾಲ್ಲೂಕಿನ 1388ರ ಕನ್ನಡ ಶಾಸನವೊಂದರಲ್ಲಿ, ಪೆನುಕೊಂಡದಲ್ಲಿದ್ದ ರಾಜಕುಮಾರ ಪ್ರತಾಪ ಬುಕ್ಕರಾಯನು ಹೆನ್ನೆ ಹೊಳೆಯನ್ನು ಪೆನುಕೊಂಡಕ್ಕೆ ತರಬೇಕೆಂದು ಸಿಂಗಾಯಭಟ್ಟ ಎಂಬ ಜಲಸೂತ್ರ ಬಲ್ಲವನಿಗೆ ಅಪ್ಪಣೆ ಕೊಟ್ಟದ್ದೂ, ಅವನು ಸಿರುವೆರೆಯ ಕೆರೆಯ ತನಕ ಕಾಲುವೆ ತಂದದ್ದೂ ಇದೆ. ಆಗ ಅದಕ್ಕೆ ಒಬ್ಬ ರಾಜಕುಮಾರನ ಬಾಯಿಮಾತು ಸಾಕಿತ್ತು. 1892ಕ್ಕೆ ಬರುವ ಹೊತ್ತಿಗೆ ಪೆನ್ನೆಯ ಮೇಲ್ಗಡೆ ಮೈಸೂರು, ಕೆಳಗಡೆ ಮದ್ರಾಸು. ಆ ವರ್ಷದ ಒಪ್ಪಂದದಲ್ಲಿ ಪೆನ್ನೆ, ಚಿತ್ರಾವತಿ, ವೇದಾವತಿ ಮುಂತಾದ ಹೊಳೆಗಳಿಗೆ ಮೈಸೂರಿನವರು ಹೊಸ ಕಟ್ಟೆ ಹಾಕಬೇಕಾದರೆ ಮದ್ರಾಸಿನ ಒಪ್ಪಿಗೆ ಬೇಕಾಯಿತು. 1953ರಲ್ಲಿ ಬಳ್ಳಾರಿ ಮೈಸೂರಿಗೆ ಹೋಯಿತು, ನಾವು ಆಂಧ್ರದಲ್ಲಿ ಉಳಿದೆವು. ಅಂದಮೇಲೆ ನಮ್ಮ ಎಷ್ಟೋ ಕೆರೆಗಳ ನೀರಿನ ದಾರಿ ಒಂದು ರಾಜ್ಯದಲ್ಲಿ, ತೂಬು ಇನ್ನೊಂದರಲ್ಲಿ. ದಡದಲ್ಲಿ ಮನೆ ಕೊಳ್ಳುವವನು ನೀರು ಎಲ್ಲಿಂದ ಬರುತ್ತೆ ಅಂತ ಕೇಳುವುದೇ ಇಲ್ಲ. ಮೇಲ್ಗಡೆ ಏಳು ಚೆಕ್ ಡ್ಯಾಮ್ ಬಂದರೆ ಕೆರೆ ಕಾಣುವ ಮನೆ ಜಾಲಿ ಕಾಣುವ ಮನೆ ಆಗುತ್ತೆ, ಅಷ್ಟೆ.

ಇದಕ್ಕೆ ಉಲ್ಟಾ ಆಗುವುದೂ ಉಂಟು, ಅದೇ ಹೆಚ್ಚು ಅಪಾಯ. ವೇದಾವತಿಗೆ ಹಿರಿಯೂರಿನ ಹತ್ತಿರ ಮಾರಿಕಣಿವೆಯಲ್ಲಿ ಕಟ್ಟಿದ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದಿತ್ತು. ಆಮೇಲೆ ಕೋಡಿ ಬಿದ್ದದ್ದು 2022ರ ಸೆಪ್ಟೆಂಬರಿನಲ್ಲಿ. ನಡುವೆ 89 ವರ್ಷ. ಆ ನೀರಿನ ದಾರಿ ನಮ್ಮ ಕಲ್ಯಾಣದುರ್ಗದ ಕಡೆಗೇ, ಭೈರವಾನಿತಿಪ್ಪದ ಕಡೆಗೇ. ಮೊದಲನೇ ಕೋಡಿ ಕಂಡವರು ಎರಡನೆಯದಕ್ಕೆ ಎಷ್ಟು ಜನ ಉಳಿದಿದ್ದಾರು? ಅದೇ ವರ್ಷ ಅಕ್ಟೋಬರಿನಲ್ಲಿ ಅನಂತಪುರದ ನಡಿಮಿ ವಂಕ ಉಕ್ಕಿ ಕಾಲೋನಿಗಳಿಗೆ ನೀರು ನುಗ್ಗಿತು. ವಂಕ ಅಂದರೆ ಹಳ್ಳ. ಹಳ್ಳ ಅಂತ ಹೆಸರಿದ್ದ ಜಾಗ ಹಳ್ಳವೇ ಆಯಿತು. ಇನ್ನು ಹಂದ್ರಿ-ನೀವಾ ಕಾಲುವೆ: 2012ರಲ್ಲಿ ಕೃಷ್ಣೆಯ ನೀರು ಜೀಡಿಪಲ್ಲಿಗೆ ಬಂತು, ಆಮೇಲೆ ಪೆನುಕೊಂಡದ ಕಡೆ ಗೊಲ್ಲಪಲ್ಲಿಗೂ ಬಂತು. ಮಳೆಯೇ ಬೀಳದ ವರ್ಷವೂ ಕೆರೆ ತುಂಬಬಹುದು ಅನ್ನುವ ಸಂಗತಿ ನಮ್ಮ ಅಜ್ಜಂದಿರಿಗೆ ಗೊತ್ತಿರಲಿಲ್ಲ. ಒಣಗಿದ ಕೆರೆಯನ್ನು ಹತ್ತು ವರ್ಷ ಕ್ರಿಕೆಟ್ ಆಡೋ ಮೈದಾನ ಅಂತ ನೋಡಿದ ಹುಡುಗರಿಗೂ ಗೊತ್ತಿಲ್ಲ.

ಹಳೇ ಊರುಗಳನ್ನು ನೋಡಿ. ಊರು ದಿಣ್ಣೆಯ ಮೇಲೆ ಇರುತ್ತೆ, ಕೋಡಿಯ ಬಾಯಿಗೆ ಯಾರೂ ಮನೆ ಕಟ್ಟಿಲ್ಲ, ಏರಿಯ ಕೆಳಗೆ ಗದ್ದೆ, ತೋಟ ಅಷ್ಟೆ. ಕೆರೆಯ ಭಯ ಆ ಜನಕ್ಕೆ ಎಷ್ಟಿತ್ತು ಅನ್ನೋದು ಕಥೆಗಳಲ್ಲೇ ಗೊತ್ತಾಗುತ್ತೆ. ಕನ್ನಡದಲ್ಲಿ ಕೆರೆಗೆ ಹಾರವಾದ ಭಾಗೀರಥಿ ಇದ್ದಾಳೆ. ಬುಕ್ಕರಾಯಸಮುದ್ರದಲ್ಲಿ ಮುಸಲಮ್ಮ ಇದ್ದಾಳೆ. ಏರಿ ಬಿರುಕು ಬಿಟ್ಟಾಗ ಊರು ಉಳಿಯಲಿ ಅಂತ ಆ ಮನೆಯ ಸೊಸೆ ತನ್ನನ್ನೇ ಕೊಟ್ಟುಕೊಂಡಳು ಅಂತ ಪ್ರತೀತಿ. ಕಟ್ಟಮಂಚಿ ರಾಮಲಿಂಗಾರೆಡ್ಡಿಯವರು 1899ರಲ್ಲಿ ತೆಲುಗಿನಲ್ಲಿ ಅದನ್ನು ಕಾವ್ಯ ಮಾಡಿದರು. ಎರಡು ಭಾಷೆಯಲ್ಲೂ ಕೆರೆ ಸೊಸೆಯನ್ನೇ ಕೇಳುತ್ತೆ, ಮಾವನನ್ನು ಕೇಳಲ್ಲ. ಇದನ್ನು ನಾನು ಮಕ್ಕಳಿಗೆ ಪಾಠ ಮಾಡುವಾಗ ಹೆಣ್ಣುಮಕ್ಕಳೇ ಮೊದಲು ಕಂಡುಹಿಡಿದರು.

ಈಗ ಕಾಗದಕ್ಕೆ ಬರೋಣ. 1800ರಲ್ಲಿ ನಿಜಾಮನು ಈ ಸೀಮೆಯನ್ನು ಕಂಪನಿಗೆ ಬಿಟ್ಟುಕೊಟ್ಟ. ಮನ್ರೋ ಸಾಹೇಬ 1807ರ ತನಕ ಇಲ್ಲಿ ಕಲೆಕ್ಟರಾಗಿದ್ದು ಹೊಲ ಹೊಲ ಅಳೆಸಿದ. ನಾವು ಆಗ ಬಳ್ಳಾರಿಗೆ ಸೇರಿದ್ದೆವು, ಅನಂತಪುರ ಬೇರೆ ಜಿಲ್ಲೆ ಆದದ್ದು 1882ರಲ್ಲಿ. ಕೆರೆ ಕಟ್ಟಿಸಿದವರಿಗೆ, ಅದರ ದುರಸ್ತಿ ನೋಡುವವರಿಗೆ ಬಿಟ್ಟ ಮಾನ್ಯಕ್ಕೆ ಇಲ್ಲಿ ದಶಬಂಧ ಅಂತ ಹೆಸರು. ನಮ್ಮ ಕನ್ನಡ ಶಾಸನಗಳ ದಶವಂದ, ಕಟ್ಟುಕೊಡಗೆ, ಬಿತ್ತುವಟ್ಟ ಎಲ್ಲ ಇದರ ಬಳಗದವೇ. ಲೆಕ್ಕ ಸರಳ: ಹೊಲ ನೀನು ತಿನ್ನು, ಕೆರೆ ನೀನು ನೋಡು. 1858ರಲ್ಲಿ ಶುರುವಾದ ಇನಾಂ ಕಮಿಷನ್ ಇಂಥ ಮಾನ್ಯಗಳನ್ನೆಲ್ಲ ಕೆದಕಿತು, 1956ರ ಕಾನೂನು ಇನಾಮುಗಳನ್ನು ರದ್ದು ಮಾಡಿ ರೈತವಾರಿ ಮಾಡಿತು. ಆದರೆ ಹಳೇ ರಿಜಿಸ್ಟರಿನಲ್ಲಿ ಇನಾಂ ಅನ್ನೋ ಪದ ಉಳಿದ ನೆಲಕ್ಕೆ ಇವತ್ತೂ ತಕರಾರು ಬರುತ್ತೆ. 1984ರಲ್ಲಿ ಕರಣಂ, ಮುನಸಬು ಪದ್ಧತಿ ತೆಗೆದರು. ವಂಶದಿಂದ ಬಂದ ಅಧಿಕಾರ ಹೋದದ್ದು ಒಳ್ಳೇದೇ. ಆದರೆ ಯಾವ ಹೊಲ ಯಾವ ವರ್ಷ ಮುಳುಗಿತ್ತು ಅನ್ನೋ ನೆನಪೂ ಆ ಕರಣಂ ಜೊತೆಗೆ ಹೋಯಿತು.

ತೆಲುಗು ಓದಲು ಬಾರದ ನಮ್ಮವರು ಕೆಲವು ಪದಗಳನ್ನು ಗುರುತಿಟ್ಟುಕೊಳ್ಳಬೇಕು. ಚೆರುವು ಅಂದರೆ ಕೆರೆ. ಚೆರುವು ಪೋರಂಬೋಕು ಅಂತ ಬರೆದಿದ್ದರೆ ಅದು ಸರ್ಕಾರದ ಕೆರೆ ಜಾಗ. ಅಲ್ಲಿ ಮನೆ ಇರಬಹುದು, ಕರೆಂಟು ಇರಬಹುದು, ಮನೆ ಕಂದಾಯದ ರಸೀದಿಯೂ ಇರಬಹುದು, ಹಕ್ಕು ಇರಲ್ಲ. ಗ್ರಾಮಕಂಠಂ ಅಂದರೆ ಕರ್ನಾಟಕದಲ್ಲಿ ಗ್ರಾಮಠಾಣ ಅನ್ನುತ್ತಾರಲ್ಲ, ಅದು, ಊರು ಕೂತ ಜಾಗ. ಅದಕ್ಕೆ ಹೊಲದ ಹಾಗೆ ಅಡಂಗಲ್ ಸಿಗಲ್ಲ, ಅನುಭವ, ಹಳೇ ಕ್ರಯಪತ್ರ, ರಸೀದಿಗಳೇ ಆಧಾರ. ಡಿ-ಪಟ್ಟಾ ಅಂದರೆ ಸರ್ಕಾರ ಬಡವರಿಗೆ ಕೊಟ್ಟ ನೆಲ, 1977ರ ಕಾನೂನಿನಿಂದ ಅದರ ಮಾರಾಟಕ್ಕೆ ಕಟ್ಟು ಬಿದ್ದಿದೆ. ನೋಂದಣಿ ಕಚೇರಿಯಲ್ಲಿ 22-ಎ ಪಟ್ಟಿ ಅಂತ ಒಂದಿದೆ, ರಿಜಿಸ್ಟರ್ ಮಾಡಬಾರದ ಸರ್ವೆ ನಂಬರುಗಳು ಅದರಲ್ಲಿರುತ್ತವೆ. ಮರುಸರ್ವೆ ಆದ ಊರುಗಳಲ್ಲಿ ಹಳೇ ನಂಬರಿನ ಜಾಗದಲ್ಲಿ ಎಲ್.ಪಿ.ಎಂ. ನಂಬರು ಬಂದಿದೆ, ಎರಡನ್ನೂ ತಾಳೆ ನೋಡಬೇಕು. ಕೆರೆ ಒಣಗಿ ಎಷ್ಟೋ ವರ್ಷ ಆಯ್ತಲ್ಲ ಅನ್ನೋ ವಾದ ನಡೆಯಲ್ಲ. ಉತ್ತರ ಪ್ರದೇಶದ ಒಂದು ಕುಂಟೆಯ ವ್ಯಾಜ್ಯದಲ್ಲಿ 2001ರಲ್ಲೇ ಸುಪ್ರೀಂ ಕೋರ್ಟು, ಅಂಥ ಜಾಗವನ್ನು ಮನೆಗೆ ಹಂಚಬಾರದು, ಕೆರೆ ಕುಂಟೆಗಳನ್ನು ಉಳಿಸಬೇಕು ಅಂತ ತೀರ್ಪು ಕೊಟ್ಟಿದೆ.

ನಮ್ಮ ಹುಡುಗ ನೋಡಿದ ಮನೆಯ ಮುಂಭಾಗ ಗ್ರಾಮಕಂಠದಲ್ಲಿತ್ತು. ಹಿತ್ತಲು, ಆಮೇಲೆ ಸೇರಿಸಿದ ಒಂದು ಕೋಣೆ ನಕ್ಷೆಯಲ್ಲಿ ಚೆರುವು ಪೋರಂಬೋಕಿಗೆ ಬರುತ್ತಿತ್ತು. ಕೆರೆ ಚೆನ್ನಾಗಿ ಕಾಣುವುದು ಆ ಕೋಣೆಯಿಂದಲೇ. ಮಾರುವವರು "ನಲವತ್ತು ವರ್ಷದಿಂದ ಯಾರೂ ಕೇಳಿಲ್ಲ" ಅಂದರು. ಸುಳ್ಳಲ್ಲ, ಯಾರೂ ಕೇಳಿರಲಿಲ್ಲ. ಅವರಿಗೂ ಮಗಳ ಮದುವೆಯ ಖರ್ಚಿತ್ತು.

ಕಾಗದ ಒಂದು ಕಡೆ, ನೀರಿನ ಮಟ್ಟ ಇನ್ನೊಂದು ಕಡೆ. ಕೆರೆ ತುಂಬಿದಾಗ ನೀರು ಎಲ್ಲಿಗೆ ಬರುತ್ತೆ ಅನ್ನೋದನ್ನು ಕೋಡಿಯ ಕಲ್ಲು ಹೇಳುತ್ತೆ. ಕೋಡಿಯ ಮಟ್ಟವನ್ನು ಗಾರೆಯವರು ನೀರು ತುಂಬಿದ ಟ್ಯೂಬು ಹಿಡಿದು ಹಂತ ಹಂತವಾಗಿ ಮನೆಯ ಹೊಸ್ತಿಲ ತನಕ ತರಬಹುದು. ಅರ್ಧ ದಿನದ ಕೆಲಸ. ಮುಂಭಾಗದ ಹೊಸ್ತಿಲು ಕೋಡಿಗಿಂತ ನಾಲ್ಕಡಿ ಮೇಲಿತ್ತು, ಆ ಕೋಣೆಯ ನೆಲ ಮೂರು ಬೆರಳು ಕೆಳಗಿತ್ತು. ಊರಿನ ಹಳೇ ನೀರಗಂಟಿಯೊಬ್ಬರು ಇನ್ನೊಂದು ಮಾತು ಸೇರಿಸಿದರು. ಈ ಕೋಡಿಯ ಮೇಲೆ ಹಿಂದೆ ಮರಳುಚೀಲ ಇಡುತ್ತಿದ್ದರಂತೆ, ಆಮೇಲೆ ಅರ್ಧ ಅಡಿ ಕಾಂಕ್ರೀಟೇ ಹಾಕಿದರಂತೆ. ಚಪ್ಪಟೆ ಅಂಗಳದಲ್ಲಿ ಕೋಡಿ ಅರ್ಧ ಅಡಿ ಏರಿದರೆ ನೀರು ಎಷ್ಟೋ ಮಾರು ಹಿಂದಕ್ಕೆ ಹರಡುತ್ತದೆ. ಆ ಕೋಣೆ ಕಟ್ಟಿದಾಗ ನೀರಿಗೆ ದೂರ ಇದ್ದಿರಬಹುದು, ಈಗ ಇಲ್ಲ.

ಮಾತು ನಾಲ್ಕು ಸಲ ಮುರಿದು ಐದನೇ ಸಲ ಕೂಡಿತು. ಕ್ರಯಪತ್ರ ಮುಂಭಾಗಕ್ಕೆ ಮಾತ್ರ, ರೇಟೂ ಅಷ್ಟಕ್ಕೇ. ಕೋಣೆಯನ್ನು ಬಿಚ್ಚಿ ಹೆಂಚು, ಬಾಗಿಲು ಮಾರುವವರೇ ಒಯ್ಯುವುದು. ನನ್ನ ತಂಗಿಯ ಸೊಸೆಗೆ ಬೇಸರ ಆಯಿತು, ಅವಳು ಮೆಚ್ಚಿದ ಕಿಟಕಿ ಅದರಲ್ಲೇ ಇತ್ತು. ಮಹಡಿ ಮೇಲೆ ಒಂದು ಕಿಟಕಿ ಇಡಿಸೋಣ ಅಂತ ಗಾರೆಯವರು ಅಂದಿದ್ದಾರೆ.

ದಶಬಂಧದ ಕಾಲ ಹೋಗಿದೆ. 1997ರ ಕಾನೂನಿನಿಂದ ನೀರು ಬಳಸುವವರ ಸಂಘಗಳು ಬಂದವು. ಕೆಲವು ಕಡೆ ಕೆಲಸ ಮಾಡುತ್ತವೆ, ಕೆಲವು ಕಡೆ ಬೋರ್ಡು ಮಾತ್ರ. ಆ ಊರಿನಲ್ಲಿ ಮಾತ್ರ ಒಂದು ಪದ್ಧತಿ ಉಳಿದಿದೆ, ಹೊಲ ಇರಲಿ ಬಿಡಲಿ, ವರ್ಷಕ್ಕೊಂದು ದಿನ ಮನೆಗೊಂದು ಆಳು ಏರಿಯ ಮೇಲಿನ ಜಾಲಿ ಕೀಳಬೇಕು. ಜಾಲಿಯ ಬೇರು ಒಳಗೆ ಹೋದರೆ ಏರಿ ಸಡಿಲ ಆಗುತ್ತೆ. ಹೊಸದಾಗಿ ಬರುವ ಮನೆಗೂ ಇದು ಲಾಗೂನಾ ಅಂತ ನಮ್ಮ ಹುಡುಗ ಕೇಳಿದ. ಗೃಹಪ್ರವೇಶ ಆಗಿರಲಿ ಆಗದಿರಲಿ, ಯುಗಾದಿ ಕಳೆದ ಮಾರನೇ ಭಾನುವಾರ ಕುಡುಗೋಲು, ಗುದ್ದಲಿ ತಗೊಂಡು ಬಾ ಅಂದಿದ್ದಾರೆ.