ಓಟಿಲ್ಲದ ಹುಡುಗನ ಪದಕ

1963ರ ಏಪ್ರಿಲ್ ತಿಂಗಳು. ಅಮೆರಿಕದ ಮಿಸಿಸಿಪಿ ರಾಜ್ಯದ ಲೆಕ್ಸಿಂಗ್ಟನ್ ಎಂಬ ಸಣ್ಣ ಊರಿನ ಕೋರ್ಟು ಕಚೇರಿಗೆ ಹದಿನಾಲ್ಕು ಮಂದಿ ಕರಿಯರು ಹೋದರು. ಮತದಾರರ ಪಟ್ಟಿಗೆ ನಮ್ಮ ಹೆಸರು ಬರೆದುಕೊಳ್ಳಿ ಅಂದರು. ಅವರಲ್ಲೊಬ್ಬ ಹಾರ್ಟ್‌ಮನ್ ಟರ್ನ್‌ಬೋ ಎಂಬ ರೈತ. ಮುಂದಿನ ತಿಂಗಳೇ ಅವನ ಮನೆಗೆ ಬೆಂಕಿ ಬಾಂಬು ಬಿತ್ತು. ಪೊಲೀಸರು ಹಿಡಿದದ್ದು ಯಾರನ್ನು? ಟರ್ನ್‌ಬೋನನ್ನೇ. ತನ್ನ ಮನೆಗೆ ತಾನೇ ಬೆಂಕಿ ಇಟ್ಟುಕೊಂಡ ಅಂತ!

ಈ ಲೆಕ್ಸಿಂಗ್ಟನ್ನಿನಲ್ಲಿ ಅಜ್ಜ ಅಜ್ಜಿಯ ಆಸರೆಯಲ್ಲಿ ಬೆಳೆದ ಒಬ್ಬ ಹುಡುಗನ ಚರಿತ್ರೆ ಇದು. ಹೆಸರು ಮಿಲ್ಟನ್ ಲೀ ಆಲಿವ್. ಹುಟ್ಟಿದ್ದು 1946ರ ನವೆಂಬರ್ 7, ಷಿಕಾಗೋದಲ್ಲಿ. ಹುಟ್ಟಿದ ಕೆಲವೇ ಗಂಟೆಗಳಲ್ಲಿ ತಾಯಿ ತೀರಿಕೊಂಡಳು. ಷಿಕಾಗೋದ ಬೀದಿ, ಮಿಸಿಸಿಪಿಯ ಹೊಲ, ಇವೆರಡರ ನಡುವೆ ಹುಡುಗ ದೊಡ್ಡವನಾದ.

1964ರ ಬೇಸಿಗೆಯಲ್ಲಿ ಮಿಸಿಸಿಪಿ ಕುದಿಯುತ್ತಿತ್ತು. ಅಲ್ಲಿ ಓಟಿಗೆ ಅರ್ಹರಾದ ಕರಿಯರಲ್ಲಿ ನೂರಕ್ಕೆ ಏಳು ಮಂದಿಯ ಹೆಸರೂ ಪಟ್ಟಿಯಲ್ಲಿರಲಿಲ್ಲ. ರಾಜ್ಯದ ಸಂವಿಧಾನದ ಒಂದು ಕಲಮನ್ನು ಓದಿ ಅರ್ಥ ಹೇಳು ಎನ್ನುವ ಪರೀಕ್ಷೆ ಇಟ್ಟಿದ್ದರು. ಪಾಸೋ ಫೇಲೋ ಹೇಳುವವನು ಬಿಳಿಯ ಗುಮಾಸ್ತ. ಆ ಬೇಸಿಗೆ ಸುಮಾರು 17,000 ಕರಿಯರು ಹೆಸರು ಬರೆಸಲು ಹೋದರು, ದಾಖಲಾದದ್ದು 1,600. ಜೂನ್ 21ರಂದು ಮೂವರು ಕಾರ್ಯಕರ್ತರು ಕಾಣೆಯಾದರು: ಕರಿಯ ಹುಡುಗ ಜೇಮ್ಸ್ ಚೇನಿ, ನ್ಯೂಯಾರ್ಕಿನ ಬಿಳಿಯರಾದ ಗುಡ್‌ಮನ್ ಮತ್ತು ಶ್ವೆರ್ನರ್. ಆಗಸ್ಟ್ 4ರಂದು ಮಣ್ಣಿನ ಏರಿಯೊಂದರಲ್ಲಿ ಹೂತ ಮೂರು ಹೆಣ ಸಿಕ್ಕವು.

ಆಲಿವ್ ಈ ಚಳವಳಿಗೆ ಇಳಿದಿದ್ದ. ಹಿರಿಯರ ಎದೆ ಒಡೆಯಿತು. ಮೊಮ್ಮಗನೂ ಯಾವುದೋ ಏರಿಯಡಿ ಹೋದರೆ? ತಂದೆ ಹೇಳಿದ: ಓದು, ಇಲ್ಲ ಕೆಲಸ ಹಿಡಿ, ಇಲ್ಲ ಸೈನ್ಯಕ್ಕೆ ಸೇರು. ಹದಿನೆಂಟು ತುಂಬುವ ಮೊದಲೇ ಹುಡುಗ ಸೈನ್ಯ ಸೇರಿದ. ತನ್ನ ನೆಲದಲ್ಲಿ ಉಳಿಯುವುದಕ್ಕಿಂತ ಸೈನ್ಯವೇ ಕ್ಷೇಮ ಅನ್ನಿಸುವ ಕಾಲ ಎಂಥದ್ದು, ನೀವೇ ಯೋಚಿಸಿ.

ಅವನನ್ನು 173ನೇ ಏರ್‌ಬೋರ್ನ್ ಬ್ರಿಗೇಡಿಗೆ ಹಾಕಿ ವಿಯಟ್ನಾಮಿಗೆ ಕಳಿಸಿದರು. 1965ರ ಅಕ್ಟೋಬರ್ 22. ಫು ಕುವಾಂಗ್ ಬಳಿಯ ಕಾಡಿನಲ್ಲಿ ಅವನ ತುಕಡಿ ಗೆರಿಲ್ಲಾಗಳ ಬೆನ್ನು ಹತ್ತಿತ್ತು. ಆಲಿವ್ ಮತ್ತು ಇನ್ನು ನಾಲ್ವರು ಒಟ್ಟಿಗೆ ಹೋಗುತ್ತಿದ್ದಾಗ ನಡುವೆ ಗ್ರೆನೇಡು ಬಂದು ಬಿತ್ತು. ಆಲಿವ್ ಅದನ್ನು ಕೈಗೆ ತಗೊಂಡ, ಅದರ ಮೇಲೆ ಬಿದ್ದ. ನಾಲ್ವರೂ ಉಳಿದರು. ಉಳಿದವರಲ್ಲಿ ಟೆಕ್ಸಾಸಿನ ಬಿಳಿಯ ಲೆಫ್ಟಿನೆಂಟ್ ಜಿಮ್ಮಿ ಸ್ಟ್ಯಾನ್‌ಫೋರ್ಡ್ ಒಬ್ಬ. ಹತ್ತೊಂಬತ್ತು ತುಂಬಲು ಆಲಿವ್‌ಗೆ ಇನ್ನೂ ಹದಿನಾರು ದಿನ ಇತ್ತು.

1966ರ ಏಪ್ರಿಲ್ 21ರಂದು ಅಧ್ಯಕ್ಷ ಜಾನ್ಸನ್ ಅವನ ತಂದೆಯನ್ನು ಶ್ವೇತಭವನಕ್ಕೆ ಕರೆಸಿ ಮೆಡಲ್ ಆಫ್ ಆನರ್ ಕೊಟ್ಟರು. ಆ ಯುದ್ಧದಲ್ಲಿ ಈ ಪದಕ ಪಡೆದ ಮೊದಲ ಕರಿಯ ಸೈನಿಕ ಆಲಿವ್. ಷಿಕಾಗೋದಲ್ಲಿ ಅವನ ಹೆಸರಿನ ಪಾರ್ಕಿದೆ, ಕಾಲೇಜಿದೆ.

ಆ ಹುಡುಗನ ಎದೆಗಾರಿಕೆಗೆ ತಲೆ ಬಾಗಲೇಬೇಕು. ಆದರೆ ಲೆಕ್ಕವನ್ನೂ ಕೇಳಬೇಕು. ಅಮೆರಿಕದ ಜನಸಂಖ್ಯೆಯಲ್ಲಿ ಕರಿಯರು ಆಗ ನೂರಕ್ಕೆ ಹನ್ನೊಂದು. ಯುದ್ಧದ ಮೊದಲ ವರ್ಷಗಳಲ್ಲಿ ಕಾಳಗದಲ್ಲಿ ಸತ್ತವರಲ್ಲಿ ಐವರಿಗೊಬ್ಬ ಕರಿಯ. ಸಂವಿಧಾನದ ಕಲಮಿಗೆ ಅರ್ಥ ಹೇಳು ಅಂತ ಬಂದೂಕು ಕೊಡುವಾಗ ಯಾರೂ ಕೇಳಲಿಲ್ಲ. ಎದುರಿಗೆ ಗ್ರೆನೇಡು ಎಸೆದವನಾದರೂ ಯಾರು? ಅವನೂ ಯಾರೋ ಗದ್ದೆಯ ಬಡವನ ಮಗನೇ ಇರಬಹುದು. ಅವನಿಗೂ ಆಲಿವ್‌ಗೂ ಯಾವ ಜಗಳ? 1967ರ ಏಪ್ರಿಲಿನಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಈ ಯುದ್ಧದ ವಿರುದ್ಧ ಬಹಿರಂಗವಾಗಿ ಮಾತಾಡಿದರು. ಅದೇ ತಿಂಗಳು ಮಹಮದ್ ಅಲಿ ಸೈನ್ಯಕ್ಕೆ ಬರುವುದಿಲ್ಲ ಅಂದ. ಅವನ ಪಟ್ಟ ಕಿತ್ತುಕೊಂಡರು.

1965ರ ಆಗಸ್ಟ್ 6ರಂದು ಮತದಾನದ ಹಕ್ಕಿನ ಕಾಯಿದೆ ಬಂತು. ಆ ಪರೀಕ್ಷೆ ಹೋಯಿತು. ಆದರೂ ಮಿಸಿಸಿಪಿಯಲ್ಲಿ ಓಟಿಗೆ ಇಪ್ಪತ್ತೊಂದು ತುಂಬಿರಬೇಕಿತ್ತು. ಸಾಯಲು ಹದಿನೆಂಟು ಸಾಕು! ಹದಿನೆಂಟಕ್ಕೇ ಓಟು ಬಂದದ್ದು 1971ರಲ್ಲಿ. ಅಷ್ಟರಲ್ಲಿ ಆಲಿವ್ ಲೆಕ್ಸಿಂಗ್ಟನ್ನಿನ ಮಣ್ಣಿನಲ್ಲಿ ಮಲಗಿ ಐದು ವರ್ಷ ದಾಟಿತ್ತು.