ಓರೆಯಾದ ಚಕ್ರ

ಛಾಯಾಚಿತ್ರವು ಇದ್ದುದನ್ನು ಇದ್ದಂತೆ ತೋರಿಸುವುದೆಂಬ ನಂಬಿಕೆಯು ನಮ್ಮಲ್ಲಿ ಬೇರೂರಿದೆ. ಆದರೆ ಫ್ರಾನ್ಸ್ ದೇಶದ ಝಾಕ್ ಆನ್ರಿ ಲಾರ್ತಿಗ್ (1894-1986) ಎಂಬಾತನು ತಾರುಣ್ಯದಲ್ಲಿ ತೆಗೆದ ಮೋಟಾರು ಪಂದ್ಯದ ಚಿತ್ರವೊಂದನ್ನು ನೋಡಿದವರಿಗೆ ಸಂದೇಹವುಂಟಾಗದಿರದು. ಅದರಲ್ಲಿ ಬಂಡಿಯ ಚಕ್ರವು ಅಂಡಾಕಾರವಾಗಿ ಮುಂದಕ್ಕೆ ಬಾಗಿದೆ. ದಾರಿಯ ಬದಿಯ ಪ್ರೇಕ್ಷಕರು ಹಿಂದಕ್ಕೆ ವಾಲಿದ್ದಾರೆ.

ಇದರ ಕಾರಣವು ಕ್ಯಾಮೆರಾದ ಒಳಗೇ ಇದ್ದಿತು. ಅಂದಿನ ಕೆಲವು ಕ್ಯಾಮೆರಾಗಳಲ್ಲಿ ಗಾಜಿನ ಫಲಕದ ಮುಂದೆ ಬಟ್ಟೆಯ ತೆರೆಯೊಂದಿರುತ್ತಿತ್ತು. ತೆರೆಯಲ್ಲಿನ ಕಿರಿದಾದ ಅಡ್ಡ ಸೀಳು ಮೇಲಿನಿಂದ ಕೆಳಕ್ಕೆ ಸರಿಯುತ್ತ ಫಲಕದ ಮೇಲೆ ಪಟ್ಟಿಪಟ್ಟಿಯಾಗಿ ಬೆಳಕನ್ನು ಬೀಳಿಸುತ್ತಿತ್ತು. ಬಿಂಬವು ಅಲ್ಲಿ ತಲೆಕೆಳಗಾಗಿರುವುದರಿಂದ ಮೊದಲು ಮೂಡುವುದು ನೆಲ, ಕಡೆಗೆ ಆಕಾಶ. ಚಕ್ರದ ಅಡಿಯು ಮೂಡಿ ನೆತ್ತಿಯು ಮೂಡುವಷ್ಟರಲ್ಲಿ ಬಂಡಿಯು ಮುಂದೆ ಸಾಗಿರುತ್ತದೆ. ಲಾರ್ತಿಗನು ಬಂಡಿಯನ್ನು ಅನುಸರಿಸಿ ಕ್ಯಾಮೆರಾವನ್ನು ತಿರುಗಿಸಿದನಾದರೂ ಅದರ ವೇಗವನ್ನು ಮುಟ್ಟಲಾಗಲಿಲ್ಲ. ಆದುದರಿಂದ ಚಕ್ರವು ಬಾಗಿತು. ಆ ತಿರುಗಿಸುವಿಕೆಯಿಂದಲೇ ನಿಂತವರು ಹಿಂದಕ್ಕೆ ವಾಲಿದರು.

ಚಿತ್ರವು ಕೆಟ್ಟಿತೆಂದು ಆತನು ಅದನ್ನು ಬದಿಗಿಟ್ಟನು. 1963ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯವು ಆತನ ಚಿತ್ರಗಳ ಪ್ರದರ್ಶನವನ್ನು ಏರ್ಪಡಿಸಿದ ತರುವಾಯ ಆತನ ಹೆಸರು ಲೋಕಪ್ರಸಿದ್ಧವಾಯಿತು. ಕೆಟ್ಟಿತೆಂದುಕೊಂಡ ಚಿತ್ರವೇ ವೇಗದ ಪ್ರತೀಕವೆಂದು ಮನ್ನಣೆ ಪಡೆಯಿತು. ಅದನ್ನು ಬಹುಕಾಲ 1912ರ ಪಂದ್ಯದ್ದೆಂದೇ ಬರೆಯುತ್ತಿದ್ದರು. 1913ರದೆಂದು ಈಚಿನ ಸಂಶೋಧಕರ ಅಭಿಪ್ರಾಯ.

ಚರಿತ್ರೆಯನ್ನು ಬರೆಯುವವರಿಗೆ ಛಾಯಾಚಿತ್ರವೂ ಶಾಸನದಂತೆ ಒಂದು ಸಾಕ್ಷಿ. ಶಾಸನದ ಲಿಪಿಯನ್ನು ಪರೀಕ್ಷಿಸುವಂತೆ, ಚಿತ್ರವನ್ನು ತೆಗೆದ ಯಂತ್ರದ ನಡೆಯನ್ನೂ ಪರೀಕ್ಷಿಸಬೇಕು. ನಾವು ಒಂದೇ ಕ್ಷಣವೆಂದು ನೋಡುವ ಆ ಫಲಕದಲ್ಲಿ ಚಕ್ರದ ಅಡಿಗೊಂದು ಕ್ಷಣ, ನೆತ್ತಿಗೆ ಇನ್ನೊಂದು ಕ್ಷಣ.